ಹಿತ್ತಲ ಬಾಗಿಲಿನ ಕಂಡಿ

ಗಂಗಯ್ಯ ಹಿತ್ತಲ ಬಾಗಿಲ ಮುಂದೆ ಮಂಡಿಯೂರಿ, ಮೊನ್ನೆ ಎಳೆದಿದ್ದ ಪೆನ್ಸಿಲ್ ಗೆರೆಯ ಮೇಲೆ ಟೇಪು ಹಿಡಿದು ಮತ್ತೊಮ್ಮೆ ಅಳೆದ. ಅಗಲ ಏಳೂವರೆ ಇಂಚು, ಎತ್ತರ ಎಂಟು. ಮೊನ್ನೆಯೂ ಅಷ್ಟೇ ಇತ್ತು, ನಿನ್ನೆಯೂ ಅಷ್ಟೇ ಇತ್ತು. ಪಕ್ಕದಲ್ಲಿ ಡ್ರಿಲ್ಲು ತನ್ನ ವೈರನ್ನು ತಾನೇ ಸುತ್ತಿಕೊಂಡು ಬಿದ್ದಿತ್ತು. ಗೋಡೆಗೆ ಒರಗಿಸಿದ್ದ ರಟ್ಟಿನ ಡಬ್ಬದಲ್ಲಿ ಮಗಳು ಆನ್‌ಲೈನಿನಲ್ಲಿ ತರಿಸಿದ ಬೆಕ್ಕಿನ ಬಾಗಿಲಿತ್ತು. ಬಿಳಿ ಪ್ಲಾಸ್ಟಿಕ್ಕಿನ ಒಂದು ಚೌಕಟ್ಟು, ಅದರ ನಡುವೆ ಎರಡೂ ಕಡೆಗೆ ಆಡುವ ಗಾಜಿನಂಥ ಒಂದು ಹಲಗೆ. ಬೆಕ್ಕು ತಲೆಯಿಂದ ತಳ್ಳಿದರೆ ತೆರೆದುಕೊಳ್ಳುತ್ತದೆ, ದಾಟಿದ ಮೇಲೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಬಾಗಿಲಿನ ಕೆಳಭಾಗವನ್ನು ಅಷ್ಟಗಲ ಕತ್ತರಿಸಿ ಅದನ್ನು ಕೂರಿಸಬೇಕು. ಅರ್ಧ ಗಂಟೆಯ ಕೆಲಸ.

"ಎಷ್ಟ್ ಸಲ ಅಳುದ್ರೂ ಅದು ಬೆಳಿಯಾಕಿಲ್ಲ," ಎಂದಳು ಅಡುಗೆಮನೆಯಿಂದ ಹೆಂಡತಿ ಚಿಕ್ಕಲಕ್ಷ್ಮಮ್ಮ. "ಕುಯ್ಯದಾದ್ರೆ ಕುಯ್ದಾಕಿ. ಇಲ್ದಿದ್ರೆ ಏಳಿ, ಆ ಚೌಕದೊಳಗೆ ಒಂದ್ ರಂಗೋಲೆ ಬುಡ್ತೀನಿ. ನೋಡಕ್ಕಾದ್ರೂ ಚೆಂದಾಗಿರ್ತದೆ."

"ಹಲಸಿನ ಮರ ಕಣೆ ಇದು. ಕುಯ್ದ್ರೆ ಮತ್ತೆ ಸೇರ್ಸಕ್ಕಾಯ್ತದಾ?"

"ಯಾರ್ ಸೇರ್ಸು ಅಂದೋರು?"

ಮುಂದಿನ ಬಾಗಿಲನ್ನು ಪೇಟೆಯ ಅಂಗಡಿಯಲ್ಲಿ ಸಿದ್ಧವಾಗಿದ್ದದ್ದನ್ನೇ ತಂದು ನಿಲ್ಲಿಸಿದ್ದರು. ಹಿತ್ತಲ ಬಾಗಿಲು ಮಾತ್ರ ಮೊಸಳೆ ಎಂಬ ಊರಿನ ಹತ್ತಿರ ಗಂಗಯ್ಯನ ಅಪ್ಪನಿಗೆ ಸರ್ಕಾರದ ದರಖಾಸ್ತಿನಲ್ಲಿ ಸಿಕ್ಕಿದ್ದ ಜಮೀನಿನ ಬದುವಿನ ಹಲಸು. ಹಾಗಾಗಿ ಕೇಳಿದವರಿಗೆ ಹೇಳಲು ಗಂಗಯ್ಯನಿಗೆ ಒಂದು ಒಳ್ಳೆಯ ಕಾರಣ ಇತ್ತು. ಆದರೆ ಅವನ ಕೈ ತಡೆದಿದ್ದು ಮರವಲ್ಲ ಎನ್ನುವುದು ಅವನಿಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು. ಕೈ ತಡೆದದ್ದು ಕಾಂಪೌಂಡ್ ಗೋಡೆಯ ಆಚೆ ಇತ್ತು. ಬೆಕ್ಕು ಆ ಮನೆಯದು.

ಗಂಗಯ್ಯ ಮೂವತ್ತೊಂದು ವರ್ಷ ಲೈನ್‌ಮ್ಯಾನ್ ಆಗಿದ್ದವನು. ಚನ್ನರಾಯಪಟ್ಟಣ, ಶಾಂತಿಗ್ರಾಮದ ಸುತ್ತಮುತ್ತ ಅವನು ಹತ್ತದ ಕಂಬವಿಲ್ಲ, ನೋಡದ ಮನೆಯಿಲ್ಲ. ನೋಡಿದ್ದು ಮೀಟರ್ ಬೋರ್ಡಿನ ತನಕ. ಬೋರ್ಡು ಜಗಲಿಯಲ್ಲಿರುತ್ತದೆ. ಅಲ್ಲಿಂದ ಒಳಗೆ ಕರೆಂಟು ಹೋಗುತ್ತಿತ್ತು, ಗಂಗಯ್ಯ ಹೋಗುತ್ತಿರಲಿಲ್ಲ. ಬರಬೇಡವೆಂದು ಯಾರೂ ಬಾಯಿಬಿಟ್ಟು ಹೇಳಿದವರಲ್ಲ. "ಅಲ್ಲೇ ಗಾಳಿಗೆ ಕೂತ್ಕೊ ಗಂಗಯ್ಯ" ಎನ್ನುತ್ತಿದ್ದರು, ಅಷ್ಟೆ. ನೀರು ಕೇಳಿದರೆ ಒಳಗೆ ಲೋಟ ಹುಡುಕುವ ಸದ್ದು ಸ್ವಲ್ಪ ಹೊತ್ತು ಕೇಳಿಸುತ್ತಿತ್ತು. ಸಾಲಾಗಿ ಜೋಡಿಸಿಟ್ಟ ಲೋಟಗಳಿರುವ ಮನೆಯಲ್ಲೂ ಅವನಿಗಾಗಿ ಒಂದನ್ನು ಹುಡುಕಬೇಕಾಗುತ್ತಿತ್ತು. ಕೆಲಸಕ್ಕೆ ಸೇರಿದ ಎರಡನೇ ವರ್ಷದಿಂದ ಅವನೇ ಬಾಟಲಿ ಒಯ್ಯತೊಡಗಿದ. ಅದರಿಂದ ಅವರಿಗೂ ಮುಜುಗರ ತಪ್ಪಿತು, ಇವನಿಗೂ ತಪ್ಪಿತು. ಬೇರೆಯವರಿಗೆ ಮುಜುಗರ ತಪ್ಪಿಸುವುದರಲ್ಲಿ ಗಂಗಯ್ಯ ಪಳಗಿದ್ದ. ಒಪ್ಪಲಾಗದ ಮಾತು ಬಂದಾಗ "ನೋಡಾನ" ಎನ್ನುತ್ತಿದ್ದ. ಆ ಒಂದು ಮಾತಿನಲ್ಲಿ ಮೂವತ್ತೊಂದು ವರ್ಷ ಜಗಳವಿಲ್ಲದೆ ದಾಟಿದ್ದ.

ನಿವೃತ್ತಿಯಾದ ಮೇಲೆ ಚನ್ನರಾಯಪಟ್ಟಣದಲ್ಲಿ ಹಾಸನದ ರಸ್ತೆಯ ಕಡೆ ಹೊಸದಾಗಿ ಆದ ಬಡಾವಣೆಯಲ್ಲಿ ಮನೆ ಕಟ್ಟಿದ. ವೈರಿಂಗನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. ಮೀಟರಿನಿಂದ ಹಿಡಿದು ಮಲಗುವ ಕೋಣೆಯ ಕೊನೆಯ ದೀಪದವರೆಗೆ ತಂತಿಯ ಜೊತೆಗೆ ತಾನೂ ನಡೆದುಹೋದ. ಆ ಹದಿನೈದು ದಿನ ಅವನಿಗೆ ಆಗಿದ್ದ ಸಂತೋಷವನ್ನು ಯಾರಿಗೂ ಹೇಳಿಕೊಂಡಿರಲಿಲ್ಲ.

ಪಕ್ಕದ ಮನೆ ಕೆಂಪಣ್ಣನವರದು. ಶಾಂತಿಗ್ರಾಮದ ಹತ್ತಿರ ತೆಂಗಿನ ತೋಟವಿದ್ದ ಗೌಡರು. ಪೇಟೆಗೆ ಬಂದರೂ ಕೊಬ್ಬರಿ ಮಾಡುವುದನ್ನು ಬಿಟ್ಟಿರಲಿಲ್ಲ. ಮಹಡಿಯ ಕೋಣೆಯ ತುಂಬ ಕಾಯಿ ಹರಡಿ, ಒಳಗಿನ ನೀರು ಇಂಗಿ ಕೊಬ್ಬರಿ ಗಡಗಡ ಅನ್ನುವವರೆಗೆ ಹೆಚ್ಚುಕಡಿಮೆ ಒಂದು ವರ್ಷ ಕಾಯುತ್ತಿದ್ದರು. ಕಾಯಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಹಾಗೆ ಆ ಮನೆಯಲ್ಲಿ ಕೆಂಚಿ ಇತ್ತು, ಇಟ್ಟಿಗೆ ಬಣ್ಣದ ಹೆಣ್ಣು ಬೆಕ್ಕು. ಅದು ಓಡಾಡಲೆಂದು ಅವರ ಹಿತ್ತಲ ಬಾಗಿಲಿನಲ್ಲಿ ಮೊದಲಿನಿಂದಲೂ ಒಂದು ಕಂಡಿ ಇತ್ತು.

ಗಂಗಯ್ಯನ ಗೃಹಪ್ರವೇಶಕ್ಕೆ ಕೆಂಪಣ್ಣ, ಅವರ ಹೆಂಡತಿ ಬೆಟ್ಟಮ್ಮ ಇಬ್ಬರೂ ಬಂದಿದ್ದರು. ಹಾಲ್‌ನ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಬಾಬಾಸಾಹೇಬರ ಪಟ. ಇಬ್ಬರೂ ಅದನ್ನು ನೋಡಿದರು, ನೋಡದವರಂತೆ ಸ್ವಿಚ್ ಬೋರ್ಡುಗಳನ್ನು ಹೊಗಳಿದರು. ಎಲೆ ಹಾಕುವ ಹೊತ್ತಿಗೆ ಬೆಟ್ಟಮ್ಮ, "ನಮ್ಗೆ ಇವತ್ತು ಒಪ್ಪತ್ತು ಕಣಮ್ಮಿ, ತಪ್ಪು ತಿಳ್ಕಬ್ಯಾಡ," ಎಂದು ಕಾಯಿ ಎಲೆ ಅಡಿಕೆ ಮಾತ್ರ ಸೆರಗಿಗೆ ಹಾಕಿಸಿಕೊಂಡು ಎದ್ದರು. ಒಂದೇ ಹೊತ್ತು ಉಣ್ಣುವ ಒಪ್ಪತ್ತನ್ನು ಆ ಸೀಮೆಯಲ್ಲಿ ಸೋಮವಾರ ಇಲ್ಲವೇ ಶನಿವಾರ ಮಾಡುತ್ತಾರೆ. ಅಂದು ಭಾನುವಾರ. ಆಮೇಲಿನ ಏಳು ತಿಂಗಳಲ್ಲಿ ಬೆಟ್ಟಮ್ಮನ ಒಪ್ಪತ್ತು ವಾರದ ಏಳೂ ದಿನಕ್ಕೂ ಒಂದೊಂದು ಸಲ ಬಂದುಹೋಗಿದೆಯೆಂದು ಚಿಕ್ಕಲಕ್ಷ್ಮಮ್ಮ ಹೇಳುತ್ತಿದ್ದಳು. ಹೇಳುವಾಗ ನಗುತ್ತಿದ್ದಳು. ಮಗಳು ಕವನಾ ನಗುತ್ತಿರಲಿಲ್ಲ.

ಹಾಗೆಂದು ಬೆಟ್ಟಮ್ಮ ಕೆಟ್ಟ ಹೆಂಗಸಲ್ಲ. ಕೆಟ್ಟವರಾಗಿದ್ದರೆ ಇಷ್ಟು ತೊಡಕಿರುತ್ತಿರಲಿಲ್ಲ. ಚಿಕ್ಕಲಕ್ಷ್ಮಮ್ಮನಿಗೆ ಜ್ವರ ಬಂದಾಗ ನಾಲ್ಕು ದಿನ ಗೋಡೆಯ ಮೇಲಿಂದ ಮೆಣಸಿನ ಸಾರು ಬಂದಿತ್ತು. ಅವರೆಕಾಯಿ ಕಾಲದಲ್ಲಿ ಸುಲಿದ ಅವರೆಕಾಳು, ನುಗ್ಗೆಕಾಯಿ, ಎಳನೀರು. "ಬೆಟ್ಟಮ್ಮನೋರೆ ಅನ್ಬ್ಯಾಡ ಕಣಮ್ಮಿ, ಅಕ್ಕ ಅನ್ನು," ಎಂದು ಅವರೇ ಹೇಳಿದ್ದರಿಂದ ಚಿಕ್ಕಲಕ್ಷ್ಮಮ್ಮ ಬೆಟ್ಟಕ್ಕ ಎನ್ನುತ್ತಿದ್ದಳು. ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ಅವಳ ತಾಯಿಯ ಮನೆಯಲ್ಲೂ ಇರಲಿಲ್ಲ, ಅತ್ತೆಯ ಮನೆಯಲ್ಲೂ ಇರಲಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿಯೇ ಕೊಡಬೇಕು. ಆದ್ದರಿಂದ ಅವರೆಕಾಳು ಬಂದ ಮುಚ್ಚಳದ ಸ್ಟೀಲ್ ಪಾತ್ರೆಯಲ್ಲಿ ಅವಳು ಆ ಭಾನುವಾರ ಕೊಚ್ಚಿದ ಮಾಂಸದಲ್ಲಿ ಮಾಡಿದ ಕೈಮದುಂಡೆ ಸಾರು ಹಾಕಿ ಕೊಟ್ಟಳು. ಆರು ಉಂಡೆ. ಗೌಡರ ಮನೆಯಲ್ಲೂ ಬಾಡು ತಿನ್ನುತ್ತಾರೆ. ಬೆಟ್ಟಮ್ಮ ಗೋಡೆಯ ಆಚೆಯಿಂದ ಎರಡೂ ಕೈಯಲ್ಲಿ ಇಸಿದುಕೊಂಡು, "ಗಮ್ ಅಂತದೆ ಕಣೆ," ಎಂದರು.

ಅರ್ಧ ಗಂಟೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ತಿರುವಲು ತಾರಸಿಗೆ ಹೋದ ಚಿಕ್ಕಲಕ್ಷ್ಮಮ್ಮ ಕೆಳಗಿನ ಅವರ ಹಿತ್ತಿಲನ್ನು ನೋಡಿದಳು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೆಂಚಿ ಕೂತು ಉಂಡೆ ತಿನ್ನುತ್ತಿತ್ತು. ಒಂದಾದ ಮೇಲೆ ಒಂದರಂತೆ ಆರನ್ನೂ ತಿಂದಿತು. ಇಳಿದು ಬಂದು ಗಂಗಯ್ಯನಿಗೆ ಹೇಳಿದಳು: "ಬೆಕ್ಕಿಗೆ ನಮ್ ಕೈರುಚಿ ಇಡುಸ್ತು."

ಅಂದಿನಿಂದ ಆ ಪಾತ್ರೆಯಲ್ಲಿ ಸಕ್ಕರೆ, ಬೆಲ್ಲ, ಗಿಡದ ನಿಂಬೆಹಣ್ಣು ಮಾತ್ರ ಹೋಗುತ್ತಿದ್ದವು. ಒಲೆ ಹತ್ತದ ವಸ್ತುಗಳು.

ಆದರೆ ಕೆಂಚಿ ಮರುದಿನವೇ ಗೋಡೆ ಹತ್ತಿ ಇಳಿದು ಬಂತು. ಉಂಡೆ ಎಲ್ಲಿಂದ ಬಂದಿತ್ತೆಂದು ಮೂಗಿನಲ್ಲೇ ಹುಡುಕಿಕೊಂಡು ಬಂದಿರಬೇಕು. ಆಮೇಲೆ ದಿನಾ ಬಂತು. ಇಲ್ಲಿ ಒಣಮೀನಿನ ತಲೆ ತಿಂದು, ಬಾಯಿ ನೆಕ್ಕಿಕೊಂಡು, ಆ ಕಂಡಿಯಲ್ಲಿ ನುಗ್ಗಿ ಅವರ ಅಡುಗೆಮನೆಯೊಳಗೆ ಹೋಗುತ್ತಿತ್ತು. ಕೆಂಪಣ್ಣನವರ ದೇವರ ಮನೆಯ ಮುಂದಿನ ತಂಪು ನೆಲ ಅದಕ್ಕೆ ಇಷ್ಟದ ಜಾಗವೆಂದು ಬೆಟ್ಟಮ್ಮನೇ ಹೇಳಿದ್ದರು.

ಕಳೆದ ತಿಂಗಳು ಕೆಂಚಿ ಮರಿ ಹಾಕಿತು. ಹಾಕಿದ್ದು ಗಂಗಯ್ಯನ ಮನೆಯ ಸ್ಟೋರ್ ರೂಮಿನಲ್ಲಿ. ಅಲ್ಲಿ ಅವನ ಹಳೆಯ ಕ್ಯಾನ್ವಾಸ್ ಚೀಲವಿತ್ತು, ಅದರೊಳಗೆ ಕಂಬ ಹತ್ತುವ ಬೆಲ್ಟು, ರಬ್ಬರಿನ ಕೈಗವಸು. ಅವುಗಳ ಮೇಲೆ ಮೂರು ಮರಿ. ಬೇರೆ ಬೆಕ್ಕಾಗಿದ್ದರೆ ಎರಡು ದಿನಕ್ಕೆ ಮರಿಗಳನ್ನು ಕಚ್ಚಿಕೊಂಡು ಜಾಗ ಬದಲಿಸುತ್ತಿತ್ತು. ಇದು ಅಲ್ಲಾಡಲಿಲ್ಲ.

ಹಾಸನದಲ್ಲಿ ನರ್ಸಿಂಗ್ ಓದುತ್ತ ಹಾಸ್ಟೆಲಿನಲ್ಲಿದ್ದ ಕವನಾ ಶನಿವಾರ ಬಸ್ಸಿಳಿದು ಬಂದವಳೇ ಬ್ಯಾಗನ್ನೂ ಇಳಿಸದೆ ಚೀಲದ ಮುಂದೆ ಕೂತಳು. ಬೆಕ್ಕು ಓಡಾಡಲೆಂದು ಹಿತ್ತಲ ಬಾಗಿಲನ್ನು ಇಟ್ಟಿಗೆ ಇಟ್ಟು ಓರೆ ಮಾಡಿದ್ದರು. ಅವಳ ಕಣ್ಣೆದುರೇ ಒಂದು ಕೋತಿ ಆ ಸಂದಿಯಲ್ಲಿ ಬಂದು ಬಾಳೆಹಣ್ಣಿನ ಚಿಪ್ಪನ್ನು ಹೊತ್ತುಕೊಂಡು ಹೋಯಿತು.

"ಅಪ್ಪಾ, ಇದಕ್ಕೆ ಒಂದು ಬಾಗಿಲು ಸಿಗುತ್ತೆ. ಬೆಕ್ಕಿಗೆ ಅಷ್ಟೇ ಆಗೋ ಸೈಜು, ಕೋತಿ ಬರಕ್ಕಾಗಲ್ಲ," ಎಂದು ಫೋನು ತೋರಿಸಿದಳು.

"ಬೆಕ್ಕು ಅವ್ರುದು ಕಣವ್ವ."

"ಮರಿ ಹಾಕಿರೋದು ಎಲ್ಲಿ?"

"ಅವ್ರು ಏನಂತಾರೋ."

"ನಮ್ಮ ಬಾಗಿಲಿಗೆ ಅವರೇನಂತಾರೆ ಅಪ್ಪಾ?"

ಗಂಗಯ್ಯ "ನೋಡಾನ" ಎಂದ. ಅವಳು ಅಪ್ಪನ ಮುಖವನ್ನೇ ನೋಡುತ್ತ ಬೆರಳೊತ್ತಿ ಆರ್ಡರ್ ಮಾಡಿದಳು.

ಡಬ್ಬ ಬಂದದ್ದು ಸೋಮವಾರ. ಇವತ್ತು ಬುಧವಾರ. ಗಂಗಯ್ಯ ಟೇಪನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುವಾಗ ಗೋಡೆಯ ಆಚೆಯಿಂದ ಬೆಟ್ಟಮ್ಮನ ದನಿ ಬಂತು.

"ಗಂಗಯ್ಯನೋರೆ, ಕಂಡಿ ಮಾಡುಸ್ತಿದ್ದೀರಂತೆ?"

ಅವನು ಎದ್ದು ಹೊರಗೆ ಹೋದ. ಬೆಟ್ಟಮ್ಮ ಕಲ್ಲಿನ ಮೇಲೆ ಹತ್ತಿ ನಿಂತಿದ್ದರು, ಎದೆಯವರೆಗೆ ಕಾಣುತ್ತಿದ್ದರು. ಡಬ್ಬ ತಂದ ಕೊರಿಯರಿನವನು ವಿಳಾಸ ತಪ್ಪಿ ಮೊದಲು ಅವರ ಮನೆಗೆ ಹೋಗಿದ್ದನಂತೆ.

"ಮಗ್ಳು ತರ್ಸವ್ಳೆ," ಎಂದ ಗಂಗಯ್ಯ.

"ಮಾಡುಸ್ಬ್ಯಾಡಿ ಕಣಪ್ಪ. ಕಂಡಿ ಆಯ್ತು ಅಂದ್ರೆ ಅದು ನಿಮ್ಮನೆ ಬೆಕ್ಕೇ ಆಗೋಯ್ತದೆ. ಮ್ಯಾಲೆ ಕಾಯಿ ರೂಮ್ಗೆ ಕಾಲಿಕ್ಕಕ್ಕಾಯ್ತಿಲ್ಲ, ಇಲಿ ಅಂದ್ರೆ ಇಲಿ. ಇವ್ರಂತೂ ದಿನಾ ನನ್ ಮ್ಯಾಲೆ ರೇಗ್ತಾರೆ." ಅವರ ಮುಖದಲ್ಲಿ ನಿಜವಾಗಿಯೂ ಚಿಂತೆಯಿತ್ತು. "ಒಂದ್ ಕೆಲ್ಸ ಮಾಡಿ. ಮರೀನ ಚೀಲದ ಸಮೇತ ತಂದು ಈ ಗ್ವಾಡೆ ಮ್ಯಾಲೆ ಮಡುಗ್ಬುಡಿ, ನಾನ್ ಎತ್ಕತ್ತೀನಿ. ತಾಯಿ ಇಂದಿಂದೆ ಬತ್ತದೆ. ಕೈಲಿ ಮಾತ್ರ ಮುಟ್ಬ್ಯಾಡಿ. ಬ್ಯಾರೆಯೋರು ಮುಟ್ಟುದ್ರೆ ತಾಯಿ ಸೇರ್ಸಾಕಿಲ್ಲ."

ಹೇಳಿ ಮುಗಿಸಿದ ಮೇಲೆ ಬೆಟ್ಟಮ್ಮ ಗೋಡೆಯ ಮೇಲಿಂದ ಕೈ ತೆಗೆದರು. ಆಮೇಲೆ ಈ ಸಲ ಬಿಸಿಲು ಬಹಳ ಎಂದರು. ಗಂಗಯ್ಯನೂ ಬಹಳ ಎಂದ.

"ಅಂಗೇ ಮಾಡಿ ಮತ್ತೆ."

"ನೋಡಾನ," ಎಂದ ಗಂಗಯ್ಯ.

ಒಳಗೆ ಬಂದಾಗ ಚಿಕ್ಕಲಕ್ಷ್ಮಮ್ಮ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು, ತಲೆ ಎತ್ತಲಿಲ್ಲ. "ಬಂದು ನೋಡ್ತೀನಿ ಅನ್ನಕ್ಕಿಲ್ಲ," ಎಂದಳು. "ಗ್ವಾಡೆ ಮ್ಯಾಲೆ ಮಡುಗ್ಬೇಕಂತೆ."

"ಬೆಕ್ಕು ಅವ್ರುದು ತಾನೆ."

"ಬೆಕ್ಕು ಅವ್ರುದೇ ಇರ್ಲಿ. ಬಾಗ್ಲು ಯಾರ್ದು?"

ಮಗಳ ಮಾತೇ ತಾಯಿಯ ಬಾಯಲ್ಲಿ ಬಂದಿತ್ತು. ಗಂಗಯ್ಯ ಡ್ರಿಲ್ಲನ್ನು ಎತ್ತಿ ಒಳಗಿಟ್ಟ. ಚೌಕ ಬಾಗಿಲ ಮೇಲೆ ಹಾಗೇ ಉಳಿಯಿತು.

ಗುರುವಾರ ಬೆಳಿಗ್ಗೆ ಕೆಂಚಿ ಬರಲಿಲ್ಲ. ಹತ್ತು ಗಂಟೆಗೆ ಚೀಲದೊಳಗೆ ಕುಂಯ್ ಎನ್ನುವ ಸದ್ದು ಶುರುವಾಯಿತು. ಹನ್ನೊಂದಕ್ಕೆ ಅದು ಅಡುಗೆಮನೆಗೂ ಕೇಳಿಸತೊಡಗಿತು. ಚಿಕ್ಕಲಕ್ಷ್ಮಮ್ಮ ಹತ್ತಿಯನ್ನು ಹಾಲಿನಲ್ಲಿ ಅದ್ದಿ ಬಾಯಿಗೆ ಹಿಡಿದಳು. ಮರಿಗಳು ಹತ್ತಿಯನ್ನು ಚೀಪಿ, ಮೋಸವಾಯಿತೆಂದು ತಿಳಿದು, ಮತ್ತಷ್ಟು ಜೋರಾಗಿ ಕೂಗಿದವು. ಅವಳು ತಾರಸಿಗೆ ಹೋಗಿ ಬಂದಳು.

"ಕಂಡಿಗೆ ಅಲ್ಗೆ ಕೊಟ್ಟು, ಅದ್ರ ಮುಂದೆ ಕಲ್ ಮಡುಗವ್ರೆ. ಒಳ್ಗೆ ಕೂಗ್ತಾ ಐತೆ," ಎಂದಳು.

ಬೆಟ್ಟಮ್ಮನ ಲೆಕ್ಕಾಚಾರ ಗಂಗಯ್ಯನಿಗೆ ಕೂಡಲೇ ಅರ್ಥವಾಯಿತು. ತಾಯಿ ಅಲ್ಲಿ ಸಿಕ್ಕಿಬಿದ್ದರೆ ಮರಿಗಳು ಹಾಲಿಗಾಗಿ ಗೋಡೆ ದಾಟಲೇಬೇಕಾಗುತ್ತದೆ. ಗಂಗಯ್ಯನವರು ಪಾಪ, ನೋಡಲಾಗದೆ ತಂದು ಕೊಟ್ಟುಬಿಡುತ್ತಾರೆ. ಅವರು ಅವನನ್ನು ಸರಿಯಾಗಿಯೇ ಅಳೆದಿದ್ದರು. ಏಕೆಂದರೆ ಅವನು ಆಗಲೇ ಸ್ಟೋರ್ ರೂಮಿಗೆ ಹೋಗಿ, ಚೀಲದ ಎರಡೂ ಹಿಡಿಗಳನ್ನು ಕೂಡಿಸಿ ಎತ್ತಿದ್ದ. ಒಳಗೆ ಮೂರು ಮೆತ್ತನೆಯ ತೂಕ ಒಂದು ಮೂಲೆಗೆ ಜಾರಿತು. ಮೂವತ್ತೊಂದು ವರ್ಷ ಅವನ ಹೆಗಲಿಗೆ ತೂಗಿದ್ದ ಚೀಲ. ಇದನ್ನು ಎಷ್ಟು ಜಗಲಿಗಳ ಮೇಲೆ ಇಳಿಸಿದ್ದನೋ ಅವನಿಗೇ ಗೊತ್ತಿರಲಿಲ್ಲ. ಇಳಿಸಿ, ಅಲ್ಲೇ ಪಕ್ಕದಲ್ಲಿ ಕೂತು, ತನ್ನ ಬಾಟಲಿಯ ನೀರು ಕುಡಿದಿದ್ದ.

ಚೀಲವನ್ನು ಇದ್ದಲ್ಲೇ ಮೆಲ್ಲಗೆ ಇಳಿಸಿ, ಅಂಗಿ ಹಾಕಿಕೊಂಡು ಹೊರಟ.

ಕೆಂಪಣ್ಣ ಜಗಲಿಯಲ್ಲಿ ಕಾಯಿಗಳ ಗುಡ್ಡೆಯ ಮುಂದೆ ಕೂತು, ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ಗಡಗಡ ಅಂದವನ್ನು ಬಲಕ್ಕೆ, ಅನ್ನದವನ್ನು ಎಡಕ್ಕೆ. "ಬನ್ನಿ ಗಂಗಯ್ಯ, ಕೂತ್ಕಳಿ," ಎಂದು ಪ್ಲಾಸ್ಟಿಕ್ ಕುರ್ಚಿ ತೋರಿಸಿದರು. ಕುರ್ಚಿಯ ತಲೆಯ ಮೇಲೆ ಮೀಟರ್ ಬೋರ್ಡು ಇತ್ತು. ಒಳಗೆ ಮುಚ್ಚಿದ ಬಾಗಿಲೊಂದರ ಹಿಂದೆ ಕೆಂಚಿ ಕೂಗುತ್ತಿತ್ತು. ಗಂಗಯ್ಯ ಕೂರಲಿಲ್ಲ.

"ಗೌಡ್ರೆ, ಬೆಕ್ಕ ಬುಡ್ಬೇಕಿತ್ತು. ಮರಿ ಅಸ್ಕಂಡವೆ."

ಕೆಂಪಣ್ಣ ಒಳಗೆ ನೋಡಿದರು. ಬೆಟ್ಟಮ್ಮ ಬಾಗಿಲಿಗೆ ಬಂದರು. "ಅದ್ಕೇ ಕಣಪ್ಪ ಮರಿ ತಂದ್ಕೊಡಿ ಅಂದಿದ್ದು. ತಾಯಿ ಮರಿ ಒಂದ್ಕಡೆ ಇರ್ಲಿ. ತರ್ಲಿಲ್ವಾ?"

"ಮರಿ ನಮ್ ಸ್ಟೋರ್ ರೂಮ್ನಾಗವೆ. ಅಡ್ಗೆಮನೆ ದಾಟುದ್ರೆ ಎಡಕ್ಕೆ. ನೀವೇ ಬಂದು ಎತ್ಕೊಂಡೋಗಿ."

"ನಾನಾ? ಅಂಗಲ್ಲ ಗಂಗಯ್ಯನೋರೆ, ಇವತ್ತು ಗುರ್ವಾರ, ನಂಗೆ ಒಪ್ಪ..."

"ಉಣ್ಣಕ್ಕೆ ಕರೀತಿಲ್ಲ ಕಣಮ್ಮ," ಎಂದ ಗಂಗಯ್ಯ.

ಕೆಂಪಣ್ಣ ಕೈಯಲ್ಲಿದ್ದ ಕಾಯಿಯನ್ನು ಬಲಕ್ಕೂ ಇಡಲಿಲ್ಲ, ಎಡಕ್ಕೂ ಇಡಲಿಲ್ಲ. ಬೆಟ್ಟಮ್ಮ ಸೆರಗನ್ನು ಎಳೆದುಕೊಂಡು ಯಾರಿಗೋ ಹೇಳಿದಂತೆ ಹೇಳಿದರು: "ಈ ಮನೇಲಿ ಅದ್ಕೇನ್ ಕಮ್ಮಿ ಮಾಡಿದ್ವಿ ನಾವು. ಹಾಲಿಗಾ, ಅನ್ನಕ್ಕಾ. ಇದ್ದಕ್ಕಿದ್ದಂಗೆ ಅಲ್ಲಿಗೆ ಯಾಕ್ ಹೋಯ್ತೋ ಕಾಣೆ."

"ಇದ್ದಕ್ಕಿದ್ದಂಗೆ ಬರ್ಲಿಲ್ಲ. ನಿಮ್ ಒಗೆಯೋ ಕಲ್ಲತ್ರ ಆರು ಕೈಮದುಂಡೆ ತಿಂತಲ್ಲ, ಅದ್ರ ಮಾರನೇ ದಿನ ಬಂತು."

ನಿಮ್ಮ ಫ್ಯೂಸು ಹೋಗಿದೆ ಎಂದು ಹೇಳುವಾಗ ಇರುತ್ತಿದ್ದ ದನಿಯಲ್ಲೇ ಹೇಳಿದ. ದನಿ ಏರಲಿಲ್ಲ. ಬೆಟ್ಟಮ್ಮನ ಮುಖದಲ್ಲಿ ಬಣ್ಣ ಇಳಿಯಿತು. ಅವರು ತಿರುಗಿ ಒಳಗೆ ಹೋದರು.

"ಕಲ್ ತಗುದ್ಬುಡು ಬೆಟ್ಟಿ," ಎಂದರು ಕೆಂಪಣ್ಣ ಅವರ ಬೆನ್ನಿಗೆ. ಆಮೇಲೆ ಗಂಗಯ್ಯನನ್ನು ನೋಡದೆ, "ನಂಗ್ ಗೊತ್ತಿರ್ಲಿಲ್ಲ ಕಣಯ್ಯ," ಎಂದರು. ನಿಜವಿರಬಹುದು, ಇಲ್ಲದೆಯೂ ಇರಬಹುದು. ಹಿತ್ತಲ ಕಡೆ ಕಲ್ಲು ಎಳೆದ ಸದ್ದಾಯಿತು. ಗಂಗಯ್ಯ ಗೇಟು ದಾಟುವ ಹೊತ್ತಿಗೆ ಇಟ್ಟಿಗೆ ಬಣ್ಣದ ಒಂದು ಗೆರೆ ಗೋಡೆಯನ್ನು ಹಾರಿ ಅವನಿಗಿಂತ ಮೊದಲೇ ಮನೆ ಸೇರಿತ್ತು.

ಊಟಕ್ಕೂ ಕೂರದೆ ಅವನು ಬಾಗಿಲು ಮುಚ್ಚಿ ಒಳಗಡೆ ಮಂಡಿಯೂರಿದ. ಚೌಕದ ನಾಲ್ಕು ಮೂಲೆಗೆ ಡ್ರಿಲ್ಲಿನಿಂದ ತೂತು ಕೊರೆದು, ಗರಗಸದ ತುದಿ ಇಳಿಸಿ, ಗೆರೆ ಹಿಡಿದು ಕುಯ್ದ. ಹಲಸು ಗಟ್ಟಿ ಮರ, ಸುಲಭಕ್ಕೆ ಬಗ್ಗಲಿಲ್ಲ. ಕೊನೆಗೆ ತುಂಡು ಕಳಚಿ ಅವನ ಕೈಗೆ ಬಂತು. ಅರಿಸಿನದ ಬಣ್ಣದ ಹೊಸ ಅಂಚು, ಮೂಗಿಗೆ ಹಿಡಿದರೆ ಹಣ್ಣಿನದಲ್ಲದಿದ್ದರೂ ಹಣ್ಣನ್ನು ನೆನಪಿಸುವ ಒಂದು ವಾಸನೆ. ಅದನ್ನು ಒರೆಸಿ, ಒಲೆಗೆ ಹೋಗದ ಹಾಗೆ ಕಪಾಟಿನ ಮೇಲಿಟ್ಟ. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದನೋ. ಬಹುಶಃ "ನೋಡಾನ" ಎನ್ನುತ್ತಿದ್ದ. ಅವನಿಂದಲೇ ಬಂದ ಮಾತು ಅದು.

ಚೌಕಟ್ಟನ್ನು ಕೂರಿಸಿ ಮೇಲಿನ ಎರಡು ತಿರುಪು ಬಿಗಿ ಮಾಡಿದ. ಕೆಳಗಿನ ಎರಡಕ್ಕೆ ಬಗ್ಗಿದಾಗ, ಆ ಗಾಜಿನಂಥ ಹಲಗೆಯ ಆಚೆ ಮೆಟ್ಟಿಲ ಮೇಲೆ ಎರಡು ಪಾದ ಕಾಣಿಸಿದವು. ಚಪ್ಪಲಿಯಿಲ್ಲ. ಬೆಳ್ಳಿ ಕಾಲುಂಗುರ, ಬಿರುಕು ಬಿಟ್ಟ ಹಿಮ್ಮಡಿ. ಬಂದು ಎಷ್ಟು ಹೊತ್ತಾಗಿತ್ತೋ. ಗೃಹಪ್ರವೇಶವಾದ ಮೇಲೆ ಈ ಹಿತ್ತಿಲಿನಿಂದ ಗೋಡೆಯ ಮೇಲಿನ ಅರ್ಧ ಬೆಟ್ಟಮ್ಮನನ್ನೇ ನೋಡಿದ್ದ ಗಂಗಯ್ಯ, ಉಳಿದರ್ಧವನ್ನು ಇಲ್ಲಿ ಈಗ ನೋಡಿದ.

"ಲಕ್ಷ್ಮೀ," ಎಂದು ಹೆಂಡತಿಯನ್ನು ಕರೆದು, ಕೂತಲ್ಲೇ ಪಕ್ಕಕ್ಕೆ ಸರಿದ.

ಚಿಕ್ಕಲಕ್ಷ್ಮಮ್ಮ ಬಾಗಿಲು ತೆರೆದಳು. ಬೆಟ್ಟಮ್ಮನ ಕೈಯಲ್ಲಿ ಅದೇ ಮುಚ್ಚಳದ ಸ್ಟೀಲ್ ಪಾತ್ರೆ ಇತ್ತು. "ಹಾಲು," ಎಂದರು. "ಬಾಣ್ತಿ ಅಲ್ವಾ. ಬೆಳಗ್ಗಿಂದ ಏನೂ ತಿಂದಿಲ್ಲ ಅದು."

"ಒಳೀಕ್ ಬಾ ಅಕ್ಕ. ಮರಿ ನೋಡು."

ಬೆಟ್ಟಮ್ಮ ಹೊಸ್ತಿಲನ್ನು ನೋಡಿದರು, ಆಮೇಲೆ ಬಾಗಿಲಿನ ಕಂಡಿಯನ್ನು ನೋಡಿದರು. "ಇಲ್ಲೇ ಸರಿ ಬುಡು," ಎಂದರು. ಕಂಡಿಯ ಕಡೆ ಕೈ ತೋರಿಸಿ, "ನಮ್ಮನೇದಕ್ಕಿಂತ ಅಗ್ಲ ಮಾಡಿದೀರಿ. ಒಳ್ಳೇದಾಯ್ತು. ಹೊಟ್ಟೆ ದಪ್ಪಗಾದಾಗ ಅಲ್ಲಿ ಸಿಕ್ಕಾಕತ್ತಿತ್ತು ಅದು," ಎಂದರು. ಇದಕ್ಕಿಂತ ಹೆಚ್ಚಿನದನ್ನು ಅವರಿಂದ ನಿರೀಕ್ಷಿಸುವಂತಿರಲಿಲ್ಲ. ಇಷ್ಟನ್ನು ಹೇಳಲು ಅವರು ಬಿಸಿಲಿನಲ್ಲಿ ಬರಿಗಾಲಲ್ಲಿ ಸುತ್ತಿ ಬಂದಿದ್ದರು.

ಚಿಕ್ಕಲಕ್ಷ್ಮಮ್ಮ ಪಾತ್ರೆ ತೆಗೆದುಕೊಂಡು ಒಳಗೆ ಹೋದಳು. ಹಾಲನ್ನು ಬೆಕ್ಕಿನ ತಟ್ಟೆಗೆ ಬಗ್ಗಿಸಿದಳು. ಪಾತ್ರೆಯನ್ನು ಸೋಪು ಹಾಕಿ ತೊಳೆದಳು, ಸೆರಗಿನ ತುದಿಯಿಂದ ಒಳಗೆ ಹೊರಗೆ ಒರೆಸಿದಳು. ರೂಢಿಯ ಮೇಲೆ ಅವಳ ಕೈ ಸಕ್ಕರೆ ಡಬ್ಬಿಗೆ ಹೋಯಿತು. ಡಬ್ಬಿಯ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಅವಳು ಡಬ್ಬಿಯನ್ನು ಹಿಂದಕ್ಕೆ ತಳ್ಳಿ, ಪಾತ್ರೆಗೆ ಮುಚ್ಚಳ ಹಾಕಿ, ತಂದು ಬೆಟ್ಟಮ್ಮನ ಕೈಗೆ ಕೊಟ್ಟಳು.

"ಬರ್ಲಾ ಅಕ್ಕ, ಒಲೆ ಮ್ಯಾಲೆ ಅನ್ನ ಮಡುಗಿದೀನಿ," ಎಂದು ಒಳಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಪಾತ್ರೆಯ ತೂಕ ಕೈಗೆ ತಿಳಿದಿರಬೇಕು. ಆದರೂ ಬೆಟ್ಟಮ್ಮ ಮುಚ್ಚಳ ಎತ್ತಿ ಒಳಗೆ ನೋಡಿದರು. ನೋಡಿ, ಸದ್ದಾಗದಂತೆ ಮುಚ್ಚಿದರು. ಗಂಗಯ್ಯ ಅಡುಗೆಮನೆಯ ಕಡೆ ತಿರುಗಿದ. ಎದ್ದು ಹೋಗಿ ಒಂದು ಹಿಡಿ ಸಕ್ಕರೆ ತಂದು ಹಾಕಿದರೆ ಆಯಿತು, ಎಲ್ಲ ಮೊದಲಿನಂತಾಗುತ್ತದೆ, ಯಾರಿಗೂ ಮುಜುಗರವಿರುವುದಿಲ್ಲ. ಒಂದು ಮಂಡಿ ಆಗಲೇ ನೆಲದಿಂದ ಮೇಲೆದ್ದಿತ್ತು. ಅದನ್ನು ಅವನು ಮತ್ತೆ ಊರಿದ.

"ಒಂದ್ ನಿಮ್ಸ ಕಣಮ್ಮ," ಎಂದ. "ಬಾಗ್ಲು ಮುಚ್ಚುದ್ರೇನೆ ತಿರುಪು ಬಿಗಿಯಾಗೋದು."

ಬಾಗಿಲು ಮುಚ್ಚಿ ಕೆಳಗಿನ ತಿರುಪುಗಳನ್ನು ಒಂದಾದ ಮೇಲೊಂದು ಬಿಗಿ ಮಾಡಿದ. ಅಷ್ಟರಲ್ಲಿ ಕೆಂಚಿ ಹಾಲು ಮುಗಿಸಿ, ಮೀಸೆಯಲ್ಲಿ ಹನಿ ಇಟ್ಟುಕೊಂಡು ಅವನ ತೊಡೆಯ ಪಕ್ಕಕ್ಕೆ ಬಂತು. ಹೊಸ ಹಲಗೆಯನ್ನು ಮೂಸಿ ನೋಡಿತು. ಒಮ್ಮೆ ತಲೆ ಒತ್ತಿ ಹಿಂದೆ ಸರಿಯಿತು, ಮತ್ತೊಮ್ಮೆ ಒತ್ತಿತು, ದಾಟಿತು. ಮೆಟ್ಟಿಲ ಮೇಲಿನ ಪಾದಗಳನ್ನು ಒಂದು ಸುತ್ತು ಹಾಕಿ, ಕಾಲುಂಗುರದ ಹತ್ತಿರ ಮೈ ಉಜ್ಜಿ, ಮರಿಗಳು ಕೂಗಿದ್ದು ಕೇಳಿಸಿ ಅದೇ ದಾರಿಯಲ್ಲಿ ಒಳಗೆ ಬಂತು. ಹಲಗೆ ಎರಡು ಸಲ ಆಚೀಚೆ ಆಡಿ ನಿಂತಿತು. ಅದರಾಚೆ ಪಾದಗಳು ಇನ್ನೂ ಅಲ್ಲೇ ಇದ್ದವು.